ಸಿಡಿಎನ್‌ಎ ರೀಡ್‌ನ ಎ-ಸಾಲು ಮತ್ತು ಉಳಿದುಕೊಂಡ ವೆಕ್ಟರ್: ಕತ್ತರಿಸುವ ಮೊದಲು ಓದಬೇಕಾದದ್ದು

ಪ್ರಶ್ನೆ: ಆಲಿಗೊ-ಡಿಟಿ ಪ್ರೈಮರ್ (ಎಂಆರ್‌ಎನ್‌ಎಯ ಎ-ಗಳ ಬಾಲಕ್ಕೆ ಅಂಟುವ, ಟಿ-ಗಳ ಸಾಲಿರುವ ಚಿಕ್ಕ ಡಿಎನ್‌ಎ ತುಣುಕು) ಬಳಸಿ ತಯಾರಿಸಿದ ಸಿಡಿಎನ್‌ಎ (ಎಂಆರ್‌ಎನ್‌ಎಯ ಡಿಎನ್‌ಎ ಪ್ರತಿ) ಲೈಬ್ರರಿಯಿಂದ ಕೆಲವು ಕ್ಲೋನ್‌ಗಳನ್ನು ಆರಿಸಿ ಸ್ಯಾಂಗರ್ ವಿಧಾನದಲ್ಲಿ ಸೀಕ್ವೆನ್ಸ್ ಮಾಡಿಸಿದ್ದೇನೆ. ವೆಕ್ಟರ್ ಎಂಬ ವಾಹಕ ಡಿಎನ್‌ಎಯೊಳಗೆ ಸೇರಿಸಿದ ಸಿಡಿಎನ್‌ಎ ತುಣುಕಿನ, ಅಂದರೆ ಇನ್ಸರ್ಟ್‌ನ, 5′ ತುದಿಯಲ್ಲಿ (ಆರಂಭದಲ್ಲಿ) ಇಕೋಆರ್‌ಒನ್ ಅಡಾಪ್ಟರ್ (ಜೋಡಿಸಲು ಅಂಟಿಸಿದ ಚಿಕ್ಕ ತುಣುಕು), 3′ ತುದಿಯಲ್ಲಿ (ಕೊನೆಯಲ್ಲಿ) ಎಕ್ಸ್‌ಹೋಒನ್ ತಾಣ (ಆ ಹೆಸರಿನ ಕಿಣ್ವ ಕತ್ತರಿಸುವ ಜಾಗ) ಇರಬೇಕು. ಎಲ್ಲ ರೀಡ್‌ಗಳನ್ನೂ (ಓದಿ ಬಂದ ಅನುಕ್ರಮಗಳನ್ನೂ) 5′ ಕಡೆಯಿಂದಲೇ ಓದಿಸಲಾಗಿದೆ. ಕೆಲವು ರೀಡ್‌ಗಳಲ್ಲಿ 18ರಿಂದ 20 ಎ-ಗಳು ಬಂದು ಅನಂತರ ವೆಕ್ಟರ್ ಶುರುವಾಗುತ್ತದೆ. ಎರಡು ರೀಡ್‌ಗಳು ಟಿ-ಗಳ ಸಾಲಿನಿಂದ ಆರಂಭವಾಗುತ್ತವೆ. ಒಂದರಲ್ಲಿ ಎ-ಸಾಲು ನಡುವೆಯೇ ಇದ್ದು, ಆಮೇಲೆ ಬೇರೊಂದು ಜೀನ್ ಬರುತ್ತದೆ. ಹಲವು ರೀಡ್‌ಗಳಲ್ಲಿ ಎ-ಸಾಲೇ ಇಲ್ಲ. ಎ-ಗಳ ಸಂಖ್ಯೆಯನ್ನು ಎಂಆರ್‌ಎನ್‌ಎ ಬಾಲದ ಉದ್ದವೆಂದು ತೆಗೆದುಕೊಳ್ಳಬಹುದೇ? ಇದನ್ನೂ ವೆಕ್ಟರನ್ನೂ ಮೊದಲೇ ಕತ್ತರಿಸಿ ಹಾಕಿಬಿಡುವುದು ಸರಿಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದೆಲ್ಲವೂ ಅದರ ಮೇಲೆಯೇ ನಿಂತಿದೆ. ಕತ್ತರಿಸಲೇಬೇಕು, ಆದರೆ ಮೊದಲೇ ಅಲ್ಲ. ರೀಡ್‌ನ ತುದಿಗಳಲ್ಲಿ ಉಳಿದಿರುವ ವೆಕ್ಟರ್, ಅಡಾಪ್ಟರ್, ನಿರ್ಬಂಧಕ ಕಿಣ್ವದ ತಾಣ ಮತ್ತು ಎ-ಸಾಲು ಜೀನಿನ ಭಾಗವಲ್ಲವೆಂಬುದು ನಿಜ. ಆದರೆ ಆ ಕ್ಲೋನ್ ಹೇಗೆ ಹುಟ್ಟಿತು, ಯಾವ ದಿಕ್ಕಿನಲ್ಲಿ ಕೂತಿದೆ, ಅದರ ಕೊನೆ ನಿಜವಾದ ಕೊನೆಯೇ ಎಂಬುದನ್ನು ಹೇಳುವ ಗುರುತುಗಳು ಅವು ಮಾತ್ರ. ಹಿಂದೊಮ್ಮೆ ನಾನು ಒಂದು ತಟ್ಟೆಯ ರೀಡ್‌ಗಳನ್ನೆಲ್ಲ ಕತ್ತರಿಸುವ ಪ್ರೋಗ್ರಾಮಿಗೆ ನೇರವಾಗಿ ಕೊಟ್ಟು, ಮೂಲ ಕಡತಗಳನ್ನು ಪಕ್ಕಕ್ಕೆ ಎತ್ತಿಡದೆ ಮುಂದುವರಿದಿದ್ದೆ. ಡೇಟಾಬೇಸಿನಲ್ಲಿ ಹೋಲಿಕೆಯೇ ಸಿಗದ ಕ್ಲೋನ್‌ಗಳ ದಿಕ್ಕು ಯಾವುದೆಂದು ಆಮೇಲೆ ಹೇಳಲಾಗದೆ, ಕ್ರೋಮಟೋಗ್ರಾಮ್‌ಗಳನ್ನು (ಪ್ರತಿ ಬೇಸ್‌ಗೆ ಒಂದು ಶಿಖರ ತೋರಿಸುವ ಮೂಲ ನಕ್ಷೆಗಳನ್ನು) ಒಂದೊಂದಾಗಿ ತೆರೆದು ಮೊದಲಿನಿಂದ ನೋಡಬೇಕಾಯಿತು. ಆದ್ದರಿಂದ ಗುರುತುಗಳನ್ನು ಓದಿ, ಬರೆದಿಟ್ಟುಕೊಂಡು, ಅನಂತರವಷ್ಟೇ ಕತ್ತರಿಸಿ.

ಈಗ ಎ-ಗಳ ಸಂಖ್ಯೆಯ ವಿಷಯ. ಅದು ಬಾಲದ ಉದ್ದವಲ್ಲ. ಸಸ್ತನಿಗಳ ಜೀವಕೋಶ ಕೇಂದ್ರದಲ್ಲಿ ಎಂಆರ್‌ಎನ್‌ಎಗೆ ಮೊದಲು ಸೇರುವ ಬಾಲದಲ್ಲಿ ಸುಮಾರು 200ರಿಂದ 250 ಎ-ಗಳಿರುತ್ತವೆ. ಯೀಸ್ಟ್‌ನಲ್ಲಿ ಸುಮಾರು 70ರಿಂದ 90. ಕೋಶರಸಕ್ಕೆ ಬಂದ ಮೇಲೆ ಅದು ಕ್ರಮೇಣ ಮೊಟಕಾಗುತ್ತ ಹೋಗುತ್ತದೆ. ನಿಮ್ಮ ಪ್ರೈಮರ್ ಈ ಬಾಲದ ಉದ್ದಕ್ಕೂ ಎಲ್ಲಿ ಬೇಕಾದರೂ ಕೂರಬಲ್ಲದು. ಕೂತ ಜಾಗದಿಂದ ಆಚೆಗಿನ ಎ-ಗಳು ಸಿಡಿಎನ್‌ಎಗೆ ಬರುವುದೇ ಇಲ್ಲ. ಈ ಬಗೆಯ ಲೈಬ್ರರಿಗಳಲ್ಲಿ ಸಾಮಾನ್ಯವಾಗಿ ಬಳಸುವ ಪ್ರೈಮರಿನಲ್ಲಿ ಎಕ್ಸ್‌ಹೋಒನ್ ತಾಣದ ನಂತರ 18 ಟಿ-ಗಳಿರುತ್ತವೆ. ನೀವು ಎಣಿಸಿದ 18ರಿಂದ 20 ಎ-ಗಳಲ್ಲಿ ಹೆಚ್ಚಿನವು, ಬಹುಶಃ ಎಲ್ಲವೂ, ಎಂಆರ್‌ಎನ್‌ಎಯಿಂದ ನಕಲಾದವಲ್ಲ, ಪ್ರೈಮರ್ ತಾನೇ ಹೊತ್ತು ತಂದವು. ಇದರ ಜೊತೆಗೆ ಒಂದೇ ಬೇಸ್ ಸಾಲಾಗಿ ಬರುವ ಕಡೆ ಡಿಎನ್‌ಎ ನಕಲು ಮಾಡುವ ಕಿಣ್ವವಾದ ಪಾಲಿಮರೇಸ್ ಜಾರುತ್ತದೆ. ಬ್ಯಾಕ್ಟೀರಿಯಾದಲ್ಲಿ ಪ್ಲಾಸ್ಮಿಡ್ (ಇನ್ಸರ್ಟ್ ಹೊತ್ತ ಉಂಗುರಾಕಾರದ ವೆಕ್ಟರ್) ಬೆಳೆಯುವಾಗಲೂ ಇಂತಹ ಸಾಲು ಹಿಗ್ಗುವುದು, ಕುಗ್ಗುವುದು ಉಂಟು. ಹಾಗಾಗಿ 17, 19, 22 ಎಂಬ ವ್ಯತ್ಯಾಸಗಳಿಗೆ ಜೈವಿಕ ಅರ್ಥ ಕೊಡಬೇಡಿ. ಬಾಲದ ಉದ್ದವೇ ನಿಮ್ಮ ಪ್ರಶ್ನೆಯಾಗಿದ್ದರೆ ಅದಕ್ಕೆಂದೇ ರೂಪಿಸಿದ ವಿಧಾನ ಬೇಕು. ಈ ದತ್ತಾಂಶದಿಂದ ಅದನ್ನು ಹಿಂಡಿ ತೆಗೆಯಲಾಗದು.

ಹಾಗಾದರೆ ಎ-ಸಾಲು ಹೇಳುವುದಾದರೂ ಏನು? ಎಂಆರ್‌ಎನ್‌ಎಯ 3′ ತುದಿ ಎಲ್ಲಿದೆ ಎಂಬುದನ್ನು ಅದು ಹೇಳಬಲ್ಲದು, ಆದರೆ ಒಂದು ಷರತ್ತಿನ ಮೇಲೆ: ಪ್ರೈಮರ್ ನಿಜವಾದ ಬಾಲದ ಮೇಲೆಯೇ ಕೂತಿರಬೇಕು. ಎಂಆರ್‌ಎನ್‌ಎಯ ಒಡಲಿನಲ್ಲೇ ಎ-ಗಳು ದಟ್ಟವಾಗಿರುವ ಜಾಗ ಸಿಕ್ಕರೆ ಪ್ರೈಮರ್ ಅಲ್ಲಿಯೂ ಕೂರುತ್ತದೆ. ಇದನ್ನು ಆಂತರಿಕ ಪ್ರೈಮಿಂಗ್ ಎನ್ನುತ್ತೇವೆ, ಮತ್ತು ನನ್ನ ಅನುಭವದಲ್ಲಿ ಎ-ಸಾಲನ್ನು ನಂಬಿ ಮೋಸಹೋಗುವುದು ಹೆಚ್ಚಾಗಿ ಇಲ್ಲಿಯೇ. ಮನುಷ್ಯನ ಜೀನೋಮಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳಲ್ಲಿರುವ ಅಲು ತುಣುಕುಗಳ ಕೊನೆಯಲ್ಲಿಯೇ ಎ-ಗಳು ತುಂಬಿರುತ್ತವೆ. ಅಂತಹ ತುಣುಕೊಂದು ಇಂಟ್ರಾನಿನಲ್ಲೋ (ಎಂಆರ್‌ಎನ್‌ಎ ಪಕ್ವವಾಗುವಾಗ ಕತ್ತರಿಸಿಹೋಗುವ ಭಾಗದಲ್ಲೋ) 3′ ಅನುವಾದವಾಗದ ಭಾಗದಲ್ಲೋ ಇದ್ದರೆ, ಅಲ್ಲಿಂದಲೇ ಹುಟ್ಟಿದ ಸಿಡಿಎನ್‌ಎ ನೋಡುವುದಕ್ಕೆ ಬಾಲವಿರುವ ಸಂಪೂರ್ಣ ಪ್ರತಿಯಂತೆಯೇ ಕಾಣುತ್ತದೆ.

ಇದನ್ನು ಬಿಡಿಸಿ ನೋಡಲು ಜೀನೋಮೇ ಆಧಾರ. ರೀಡ್ ಅನ್ನು ಜೀನೋಮ್ ಜೊತೆ ಜೋಡಿಸಿ, ಎ-ಸಾಲು ಶುರುವಾಗುವ ಬೇಸ್‌ನಿಂದ ಮುಂದಕ್ಕೆ ಜೀನೋಮಿನಲ್ಲಿ ಏನಿದೆ ಎಂದು ನೋಡಿ. ಅಲ್ಲಿ ಎ-ಗಳ ಬದಲು ಯಾವುದೋ ಸಾಮಾನ್ಯ ಅನುಕ್ರಮ ಇದ್ದರೆ, ನಿಮ್ಮ ರೀಡ್‌ನ ಎ-ಗಳು ಜೀನೋಮಿನಿಂದ ಬಂದವಲ್ಲ, ಬಾಲ ನಿಜವಾದದ್ದು. ಅಲ್ಲಿಯೂ ಎ-ಗಳೇ ಇದ್ದರೆ ಅನುಮಾನಪಡಬೇಕು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ: ರೀಡ್‌ನಲ್ಲಿ 18 ಎ-ಗಳಿದ್ದು ಜೀನೋಮಿನಲ್ಲಿ ಎಂಟೇ ಇದ್ದರೆ, ಉಳಿದ ಹತ್ತು ಜೀನೋಮಿಗೆ ಹೊಂದುವುದಿಲ್ಲವಾದ್ದರಿಂದ ಬಾಲ ನಿಜ ಎಂದು ತೀರ್ಮಾನಿಸುವುದು ತಪ್ಪು. ಎಂಟು ಎ-ಗಳ ಮೇಲೆ ಕೂತ ಪ್ರೈಮರ್ ತನ್ನ 18 ಟಿ-ಗಳನ್ನೂ ಸಿಡಿಎನ್‌ಎಗೆ ಸೇರಿಸಿಬಿಡುತ್ತದೆ. ಹೀಗಾಗಿ ಕೊನೆಯ ಬೇಸ್‌ನ ಸುತ್ತಲಿನ ಜೀನೋಮಿನಲ್ಲಿ ಸತತವಾಗಿ ಆರು ಎ-ಗಳಿದ್ದರೆ, ಅಥವಾ ಹತ್ತು ಬೇಸ್‌ಗಳ ಕಿಟಕಿಯಲ್ಲಿ ಏಳಕ್ಕಿಂತ ಹೆಚ್ಚು ಎ-ಗಳಿದ್ದರೆ, ಅದನ್ನು ಆಂತರಿಕ ಪ್ರೈಮಿಂಗ್ ಇರಬಹುದೆಂದು ಗುರುತು ಹಾಕುವ ಪದ್ಧತಿಯಿದೆ. ಈ ಅಳತೆ ಕೆಲವು ನಿಜವಾದ ತುದಿಗಳನ್ನೂ ಹೊರಗೆ ಹಾಕುತ್ತದೆ ಎಂಬುದು ನನಗೆ ಗೊತ್ತು. ಆದರೂ ನಾನು ಅದನ್ನೇ ಪಾಲಿಸುತ್ತೇನೆ, ಏಕೆಂದರೆ ಹೊರಗೆ ಹೋದ ತುದಿಯನ್ನು ಬೇರೆ ಸಾಕ್ಷ್ಯದಿಂದ ಮರಳಿ ತರಬಹುದು, ಡೇಟಾಬೇಸಿಗೆ ಸೇರಿಹೋದ ಸುಳ್ಳು ತುದಿಯನ್ನು ಹಿಂದಕ್ಕೆ ತೆಗೆಯುವುದು ಬಹಳ ಕಷ್ಟ.

ಜೀನೋಮಿಗೆ ಜೋಡಿಸುವಾಗ ಇನ್ನೊಂದು ಬಲೆಯಿದೆ. ಎಂಆರ್‌ಎನ್‌ಎಯೇ ಡಿಎನ್‌ಎ ರೂಪಕ್ಕೆ ಮರಳಿ ಜೀನೋಮಿಗೆ ಸೇರಿ ಉಂಟಾದ ಹುಸಿ ಜೀನ್‌ಗಳಲ್ಲಿ ಇಂಟ್ರಾನ್ ಇರುವುದಿಲ್ಲ, ಕೊನೆಯಲ್ಲಿ ಎ-ಸಾಲು ಮಾತ್ರ ಇರುತ್ತದೆ. ರೀಡ್ ಅಂತಹ ಜಾಗಕ್ಕೆ ಹೋಗಿ ಜೋಡಿಕೊಂಡರೆ ಬಾಲದ ಸಮೇತ ಹೊಂದಿಕೆಯಾಗಿ, ನಿಜವಾದ ಬಾಲವೂ ಆಂತರಿಕ ಪ್ರೈಮಿಂಗ್‌ನಂತೆ ತೋರುತ್ತದೆ. ಇಂಟ್ರಾನ್‌ಗಳನ್ನು ದಾಟಿ, ಹೆಚ್ಚು ನಿಖರವಾಗಿ ಹೊಂದುವ ಮೂಲ ಜೀನ್ ಬೇರೆ ಕಡೆ ಇದೆಯೇ ಎಂದು ಹುಡುಕಿದ ಮೇಲೆಯೇ ಮಾತು ಮುಗಿಸಿ.

ಎರಡನೆಯ ಸಾಕ್ಷ್ಯ ಪಾಲಿ-ಎ ಸಂಕೇತ, ಅಂದರೆ ಎಂಆರ್‌ಎನ್‌ಎಯನ್ನು ಎಲ್ಲಿ ಕತ್ತರಿಸಿ ಬಾಲ ಸೇರಿಸಬೇಕೆಂದು ಸೂಚಿಸುವ ಅನುಕ್ರಮ. ಆರ್‌ಎನ್‌ಎಯಲ್ಲಿ ಎ-ಎ-ಯು-ಎ-ಎ-ಎ, ನಿಮ್ಮ ರೀಡ್‌ನಲ್ಲಿ ಎ-ಎ-ಟಿ-ಎ-ಎ-ಎ. ಪ್ರೌಡ್‌ಫೂಟ್ ಮತ್ತು ಬ್ರೌನ್‌ಲೀ 1976ರಲ್ಲಿ ಗುರುತಿಸಿದ ಈ ಆರು ಅಕ್ಷರಗಳು ಪ್ರಾಣಿಗಳ ಎಂಆರ್‌ಎನ್‌ಎಯಲ್ಲಿ ಕತ್ತರಿಯಾಗುವ ಜಾಗಕ್ಕಿಂತ ಸುಮಾರು 10ರಿಂದ 30 ಬೇಸ್‌ಗಳಷ್ಟು ಹಿಂದೆ ಇರುತ್ತವೆ. ಎರಡನೆಯ ಎ-ಯ ಜಾಗದಲ್ಲಿ ಟಿ ಇರುವ ಎ-ಟಿ-ಟಿ-ಎ-ಎ-ಎ ರೂಪ ಅದರ ನಂತರ ಹೆಚ್ಚಾಗಿ ಕಾಣುವಂಥದು. ಇಲ್ಲಿ ಸಂಕೇತ ಇದೆಯೇ ಎಂಬುದಕ್ಕಿಂತ ಎಲ್ಲಿದೆ ಎಂಬುದೇ ಮುಖ್ಯ. ನಾಲ್ಕೂ ಬೇಸ್‌ಗಳು ಸಮವಾಗಿರುವ ಅನುಕ್ರಮದಲ್ಲಿ ಯಾವುದೇ ಆರು ಅಕ್ಷರಗಳ ಗುಂಪು ಸರಾಸರಿ 4096 ಬೇಸ್‌ಗಳಿಗೊಮ್ಮೆ ಆಕಸ್ಮಿಕವಾಗಿ ಬರುತ್ತದೆ. 3′ ತುದಿಯ ಭಾಗದಲ್ಲಿ ಎ ಮತ್ತು ಟಿ ಹೆಚ್ಚಿರುವುದರಿಂದ ಇನ್ನೂ ಬೇಗ ಬರುತ್ತದೆ. ಎ-ಸಾಲಿಗಿಂತ 200 ಬೇಸ್ ಹಿಂದೆ ಸಿಕ್ಕ ಸಂಕೇತ ಆ ಎ-ಸಾಲಿನ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಹಾಗೆಯೇ ಸಂಕೇತ ಕಾಣದಿದ್ದರೆ ಬಾಲ ಸುಳ್ಳು ಎಂದೂ ಆಗದು. ಸಸ್ಯಗಳಲ್ಲಂತೂ ಈ ಆರು ಅಕ್ಷರಗಳು ಯಥಾವತ್ತಾಗಿ ಇರುವುದು ಕಡಿಮೆ, ಪ್ರಯೋಗಾಲಯದ ಮಾದರಿ ಸಸ್ಯವಾದ ಅರಾಬಿಡಾಪ್ಸಿಸ್‌ನಲ್ಲಿ ಸುಮಾರು ಹತ್ತರಲ್ಲಿ ಒಂದು ಜೀನಿನಲ್ಲಿ ಮಾತ್ರ. ನಿಮ್ಮ ಜೀವಿ ಯಾವುದೆಂಬುದನ್ನು ನೋಡಿಕೊಂಡು ಈ ಸಾಕ್ಷ್ಯಕ್ಕೆ ತೂಕ ಕೊಡಿ.

ಒಂದೇ ಜೀನಿನ ಎರಡು ಕ್ಲೋನ್‌ಗಳಲ್ಲಿ ಎ-ಸಾಲು ಬೇರೆ ಬೇರೆ ಜಾಗದಲ್ಲಿ ಶುರುವಾದರೆ ಒಂದನ್ನು ತಪ್ಪೆಂದು ತಳ್ಳಿಹಾಕಬೇಡಿ. ಮನುಷ್ಯನ ಅರ್ಧಕ್ಕಿಂತ ಹೆಚ್ಚು ಜೀನ್‌ಗಳಿಗೆ ಒಂದಕ್ಕಿಂತ ಹೆಚ್ಚು ಪಾಲಿ-ಎ ತಾಣಗಳಿವೆ. ಒಂದೇ ತಾಣದಲ್ಲಿಯೂ ಕತ್ತರಿ ಕೆಲವು ಬೇಸ್‌ಗಳಷ್ಟು ಹಿಂದೆ ಮುಂದೆ ಬೀಳುತ್ತದೆ. ಇದಲ್ಲದೆ, ಕತ್ತರಿ ಬೀಳುವ ಜಾಗದಲ್ಲಿ ಜೀನೋಮಿನಲ್ಲಿಯೇ ಸಿ-ಎ-ಎ-ಎ-ಜಿ ಎಂದಿದ್ದರೆ ಆ ಮೂರು ಎ-ಗಳಲ್ಲಿ ಜೀನೋಮಿನವು ಎಷ್ಟು, ಬಾಲದವು ಎಷ್ಟು ಎಂದು ಯಾವ ಪ್ರೋಗ್ರಾಮೂ ಹೇಳಲಾರದು. ತುದಿಯನ್ನು ಒಂದು ಬೇಸ್ ಎಂದು ಬರೆಯದೆ ಮೂರು ಬೇಸ್‌ಗಳ ವ್ಯಾಪ್ತಿ ಎಂದು ಬರೆದರೆ ನೀವು ಪ್ರಾಮಾಣಿಕವಾಗಿರುತ್ತೀರಿ.

ಇನ್ನು ವೆಕ್ಟರಿನ ಕಡೆಗೆ ಬರೋಣ. 5′ ಕಡೆಯಿಂದ ಓದಿದ ಸರಿಯಾದ ರೀಡ್‌ನಲ್ಲಿ ಕ್ರಮವಾಗಿ ವೆಕ್ಟರ್, ಇಕೋಆರ್‌ಒನ್ ಅಡಾಪ್ಟರ್, ಇನ್ಸರ್ಟ್, ಎ-ಸಾಲು, ಎಕ್ಸ್‌ಹೋಒನ್ ತಾಣವಾದ ಸಿ-ಟಿ-ಸಿ-ಜಿ-ಎ-ಜಿ, ಮತ್ತೆ ವೆಕ್ಟರ್ ಇರಬೇಕು. ಈ ಬಗೆಯ ಲೈಬ್ರರಿಗಳಲ್ಲಿ ಹೆಚ್ಚಾಗಿ ಬಳಕೆಯಾದ ಅಡಾಪ್ಟರಿನ ಗುರುತು ಜಿ-ಜಿ-ಸಿ-ಎ-ಸಿ-ಜಿ-ಎ-ಜಿ ಎಂಬ ಎಂಟು ಅಕ್ಷರಗಳು. ನಿಮ್ಮ ಕಿಟ್‌ನ ಕೈಪಿಡಿಯಲ್ಲಿ ಇದೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಸಾರ್ವಜನಿಕ ಡೇಟಾಬೇಸುಗಳ ಎಷ್ಟೋ ಹಳೆಯ ದಾಖಲೆಗಳು ಇದೇ ಎಂಟು ಅಕ್ಷರಗಳಿಂದ ಆರಂಭವಾಗುತ್ತವೆ, ಮತ್ತು ಅವು ಜೀನಿನ ಆರಂಭ ಎಂದೇ ಅಲ್ಲಿ ಕೂತುಬಿಟ್ಟಿವೆ. ಇದಕ್ಕೊಂದು ಕಾರಣವಿದೆ. ಅಮೆರಿಕದ ಜೈವಿಕ ಮಾಹಿತಿ ಕೇಂದ್ರವಾದ ಎನ್‌ಸಿಬಿಐನ, ವೆಕ್ಟರ್ ಹುಡುಕುವ ಸಾಧನ ವೆಕ್‌ಸ್ಕ್ರೀನ್ ಪ್ರತಿ ಹೊಂದಿಕೆಗೆ ಒಂದು ಅಂಕ ಕೊಟ್ಟು, ತಪ್ಪಿಗೆ ಐದು ಅಂಕ ಕಳೆಯುತ್ತದೆ. ರೀಡ್‌ನ ತುದಿಯಲ್ಲಿ ಕನಿಷ್ಠ 16 ಅಂಕ ಬಂದರೆ ದುರ್ಬಲ ಹೊಂದಿಕೆ, 19 ಬಂದರೆ ಮಧ್ಯಮ, 24 ಬಂದರೆ ಬಲವಾದ ಹೊಂದಿಕೆ. ರೀಡ್‌ನ ಒಳಭಾಗದಲ್ಲಾದರೆ ಇದೇ ಮಟ್ಟಗಳು 23, 25 ಮತ್ತು 30. ವೆಕ್ಟರ್ ಭಾಗ ಕತ್ತರಿಸಿಹೋದ ಮೇಲೆ ಒಂಟಿಯಾಗಿ ಉಳಿದ ಎಂಟು ಅಕ್ಷರಗಳ ಅಡಾಪ್ಟರಿಗೆ ಎಂಟೇ ಅಂಕ ಸಿಗುತ್ತದೆ, ಅದು ಬಲೆಗೆ ಬೀಳುವುದೇ ಇಲ್ಲ. ಆದ್ದರಿಂದ ನಿಮ್ಮ ಪ್ರೈಮರ್ ಮತ್ತು ಅಡಾಪ್ಟರಿನ ಅನುಕ್ರಮಗಳನ್ನು ಬೇರೆ ಕಡತದಲ್ಲಿಟ್ಟು, ವೆಕ್ಟರ್ ತೆಗೆದ ಮೇಲೆ ತುದಿಯ ಕೆಲವೇ ಬೇಸ್‌ಗಳಲ್ಲಿ ಅವುಗಳನ್ನು ಪ್ರತ್ಯೇಕವಾಗಿ ಹುಡುಕಬೇಕು. ವೆಕ್ಟರ್ ಹೊಂದಿಕೆಗೂ ರೀಡ್‌ನ ತುದಿಗೂ ನಡುವೆ 50ಕ್ಕಿಂತ ಕಡಿಮೆ ಬೇಸ್‌ಗಳು ಉಳಿದಿದ್ದರೆ ವೆಕ್‌ಸ್ಕ್ರೀನ್ ಆ ತುಣುಕನ್ನು ಅನುಮಾನಾಸ್ಪದ ಎಂದು ತೋರಿಸುತ್ತದೆ. ಅದನ್ನೂ ವೆಕ್ಟರಿನ ಜೊತೆಯಲ್ಲೇ ಕಳಿಸಿಬಿಡುವುದು ನನ್ನ ರೂಢಿ.

ಎಕ್ಸ್‌ಹೋಒನ್ ತಾಣ ಕಂಡಲ್ಲೆಲ್ಲ ಇನ್ಸರ್ಟ್ ಮುಗಿಯಿತು ಎಂದು ಮಾತ್ರ ತಿಳಿಯಬೇಡಿ. ಆರು ಅಕ್ಷರಗಳ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ: 1500 ಬೇಸ್‌ಗಳ ಇನ್ಸರ್ಟ್‌ನಲ್ಲಿ ಅದು ಸಹಜವಾಗಿಯೇ ಇರುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದು. ತಾಣದ ಆಚೆ ವೆಕ್ಟರ್ ಇದ್ದರೆ ಮಾತ್ರ ಅದು ಇನ್ಸರ್ಟ್ ಮತ್ತು ವೆಕ್ಟರ್ ಕೂಡುವ ಸಂಧಿ.

ಟಿ-ಗಳಿಂದ ಆರಂಭವಾಗುವ ನಿಮ್ಮ ಎರಡು ರೀಡ್‌ಗಳನ್ನು ಈಗ ಓದಬಹುದು. ಟಿ-ಸಾಲಿಗೆ ತಕ್ಷಣ ಮೊದಲು ಏನಿದೆ ಎಂದು ಮೂಲ ಕ್ರೋಮಟೋಗ್ರಾಮ್‌ನಲ್ಲಿ ನೋಡಿ. ಎಕ್ಸ್‌ಹೋಒನ್ ತಾಣ ಇದ್ದರೆ ಕ್ಲೋನ್ ಸರಿಯಾಗಿಯೇ ಇದೆ. ಆ ಎರಡು ಕೊಳವೆಗಳಿಗೆ 3′ ಕಡೆಯ ಪ್ರೈಮರ್ ಬಿದ್ದಿದೆ, ರೀಡ್ ಅನ್ನು ತಿರುಗಿಸಿ ಅದರ ಪೂರಕ ಎಳೆಯನ್ನು ತೆಗೆದುಕೊಂಡರೆ ಸಾಕು. ಅಲ್ಲಿ ಅಡಾಪ್ಟರಿನ ಎಂಟು ಅಕ್ಷರಗಳಿದ್ದು ಅನಂತರ ಟಿ-ಸಾಲು ಬಂದಿದ್ದರೆ, ಇನ್ಸರ್ಟ್ ತಲೆಕೆಳಗಾಗಿ ಸೇರಿದೆ ಎಂದರ್ಥ. ಎರಡೂ ಸಂದರ್ಭಗಳಲ್ಲಿ ಟಿ-ಗಳ ಸಾಲು ಒಂದೇ ರೀತಿ ಕಾಣುತ್ತದೆ. ವ್ಯತ್ಯಾಸ ತಿಳಿಸುವುದು ಅದರ ಪಕ್ಕದಲ್ಲಿ ಉಳಿದ, ನೀವು ಕತ್ತರಿಸಿ ಹಾಕಬೇಕೆಂದಿದ್ದ ಆ ಕೆಲವು ಬೇಸ್‌ಗಳು ಮಾತ್ರ.

ನಡುವೆ ಎ-ಸಾಲು ಇರುವ ರೀಡ್ ಬಹುಮಟ್ಟಿಗೆ ಕೈಮೆರಾ, ಅಂದರೆ ಡಿಎನ್‌ಎ ತುಣುಕುಗಳನ್ನು ಬೆಸೆಯುವ ಲೈಗೇಶನ್ ಹಂತದಲ್ಲಿ ಎರಡು ಬೇರೆ ಸಿಡಿಎನ್‌ಎಗಳು ಅಂಟಿಕೊಂಡು ಒಂದೇ ಪ್ಲಾಸ್ಮಿಡ್‌ಗೆ ಸೇರಿದ ಕ್ಲೋನ್. ಎ-ಸಾಲಿನ ನಂತರ ಎಕ್ಸ್‌ಹೋಒನ್ ತಾಣವೋ ಅಡಾಪ್ಟರೋ ಬಂದು, ಅಲ್ಲಿಂದ ಎರಡನೆಯ ಜೀನ್ ಶುರುವಾಗಿದ್ದರೆ ಅನುಮಾನಕ್ಕೆ ಎಡೆಯೇ ಇಲ್ಲ. ಅಂತಹ ಗುರುತು ಇಲ್ಲದೆ ಎ-ಸಾಲಿನ ಎರಡೂ ಬದಿ ಜೀನೋಮಿನ ಒಂದೇ ಜಾಗಕ್ಕೆ ಹೊಂದಿದರೆ ಅದು ಸಹಜವಾದ ಎ-ಸಾಲು, ಮುಟ್ಟಬೇಡಿ. ಎ-ಸಾಲು ದಾಟಿದ ಮೇಲೆ ಸ್ಯಾಂಗರ್ ರೀಡ್‌ನ ಶಿಖರಗಳು ಒಂದರ ಮೇಲೊಂದು ಬೀಳುವುದು ಸಾಮಾನ್ಯವಾದ್ದರಿಂದ, ಅಲ್ಲಿಂದಾಚೆಗಿನ ಬೇಸ್‌ಗಳನ್ನು ಹೆಸರಿಸುವ ಪ್ರೋಗ್ರಾಮಿನ ಮಾತಿಗಿಂತ ಶಿಖರಗಳನ್ನೇ ಕಣ್ಣಿನಿಂದ ನೋಡುವುದು ಒಳ್ಳೆಯದು. ಕೈಮೆರಾ ಎಂದು ಖಚಿತವಾದರೆ ಎರಡು ಭಾಗಗಳಾಗಿ ಬೇರ್ಪಡಿಸಿ. ಹಾಗೆಯೇ ಬಿಟ್ಟರೆ ಜೋಡಿಸುವ ಪ್ರೋಗ್ರಾಮ್ ಸಂಬಂಧವಿಲ್ಲದ ಎರಡು ಜೀನ್‌ಗಳ ರೀಡ್‌ಗಳನ್ನು ಒಂದೇ ಕಾಂಟಿಗ್‌ಗೆ (ರೀಡ್‌ಗಳನ್ನು ಜೋಡಿಸಿ ಕಟ್ಟಿದ ಉದ್ದನೆಯ ಅನುಕ್ರಮಕ್ಕೆ) ಸೇರಿಸಿಬಿಡುತ್ತದೆ. ಕತ್ತರಿಸದೆ ಉಳಿದ ವೆಕ್ಟರ್ ಮಾಡುವ ಹಾನಿಯೂ ಇದೇ ಬಗೆಯದು.

ಪ್ರೋಟೀನ್ ಹೋಲಿಕೆಯಲ್ಲಿಯೂ ಇವು ತಲೆ ತೋರಿಸುತ್ತವೆ. ಎ-ಎ-ಎ ಎಂದರೆ ಲೈಸಿನ್, ಟಿ-ಟಿ-ಟಿ ಎಂದರೆ ಫಿನೈಲ್‌ಅಲನಿನ್. ಅನುವಾದಿಸಿದ ಪ್ರೋಟೀನಿನ ಕೊನೆಯಲ್ಲಿ ಆರೇಳು ಲೈಸಿನ್‌ಗಳು ಸಾಲಾಗಿ ನಿಂತಿದ್ದರೆ ನೀವು ಬಾಲವನ್ನೇ ಅನುವಾದಿಸಿದ್ದೀರಿ. ಇ. ಕೋಲೈಯ ಬೀಟಾ-ಗ್ಯಾಲಕ್ಟೊಸಿಡೇಸ್‌ನ ಆರಂಭದ ತುಣುಕು ಅಥವಾ ಆಂಪಿಸಿಲಿನ್ ನಿರೋಧಕ ಜೀನಿಗೆ ಬಲವಾದ ಹೋಲಿಕೆ ಬಂದರೆ, ಹೊಸ ಜೀನ್ ಸಿಕ್ಕಿತೆಂದು ಸಂತೋಷಪಡುವ ಮೊದಲು ವೆಕ್ಟರಿನ ನಕ್ಷೆಯನ್ನು ನೋಡಿ.

ಕತ್ತರಿಸುವ ಕ್ರಮದ ಬಗ್ಗೆ ಒಂದು ಮಾತು. ಮೊದಲು ತುದಿಗಳ ಕಳಪೆ ಗುಣಮಟ್ಟದ ಭಾಗ, ಆಮೇಲೆ ವೆಕ್ಟರ್, ಆಮೇಲೆ ಅಡಾಪ್ಟರ್, ಕೊನೆಗೆ ಎ-ಸಾಲು. ಎ-ಸಾಲನ್ನು ತುದಿಯಿಂದ ಹುಡುಕುವ ಪ್ರೋಗ್ರಾಮುಗಳು, ಅದರಾಚೆ ಹತ್ತು ಹನ್ನೆರಡು ಬೇಸ್ ವೆಕ್ಟರ್ ಉಳಿದಿದ್ದರೂ ಎ-ಸಾಲನ್ನು ಕಾಣದೆ ಹೋಗಬಹುದು. ಕ್ರಮ ತಪ್ಪಿದರೆ ಎರಡೂ ಉಳಿದುಬಿಡುತ್ತವೆ. ಎ-ಸಾಲಿನ ನಡುವೆ ಒಂದೆರಡು ತಪ್ಪು ಬೇಸ್‌ಗಳಿಗೆ ಅವಕಾಶ ಕೊಡಿ. ಪ್ರತಿ ರೀಡ್‌ಗೂ ಎ-ಸಾಲು ಇತ್ತೇ, ಎಲ್ಲಿ ಶುರುವಾಯಿತು, ಅದರಾಚೆ ಯಾವ ಸಂಧಿ ಇತ್ತು ಎಂಬ ಮೂರು ಅಂಶಗಳನ್ನು ಕತ್ತರಿಸುವ ಮೊದಲೇ ಕೋಷ್ಟಕಕ್ಕೆ ಇಳಿಸಿ. ಸಾರ್ವಜನಿಕ ಡೇಟಾಬೇಸಾದ ಜೆನ್‌ಬ್ಯಾಂಕ್‌ಗೆ ಸಲ್ಲಿಸುವಾಗ ವೆಕ್ಟರ್ ಮತ್ತು ಅಡಾಪ್ಟರ್ ಒಂದು ಬೇಸ್ ಕೂಡ ಉಳಿಯಬಾರದು. ಪರಿಶೀಲಿಸಿದ ತುದಿಯನ್ನು ಪಾಲಿ-ಎ ತಾಣವೆಂದು ಟಿಪ್ಪಣಿಯಲ್ಲಿ ಗುರುತಿಸಿ.

ಬಾಲವನ್ನು ಕಣ್ಣುಮುಚ್ಚಿ ಕತ್ತರಿಸಬಾರದ ಒಂದು ಕಡೆಯಿದೆ. ಮನುಷ್ಯನ ಮೈಟೊಕಾಂಡ್ರಿಯಾದ 13 ಪ್ರೋಟೀನ್ ಜೀನ್‌ಗಳ ಪೈಕಿ ಏಳರಲ್ಲಿ ನಿಲುಗಡೆಯ ಕೋಡಾನ್ (ಪ್ರೋಟೀನ್ ಮುಗಿಯಿತೆಂದು ಹೇಳುವ ಮೂರು ಅಕ್ಷರಗಳು) ಜೀನೋಮಿನಲ್ಲಿ ಪೂರ್ಣವಾಗಿ ಇಲ್ಲವೇ ಇಲ್ಲ. ಟಿ ಅಥವಾ ಟಿ-ಎ ಎಂಬಲ್ಲಿಗೆ ಜೀನ್ ಮುಗಿಯುತ್ತದೆ, ಬಾಲದ ಎ-ಗಳು ಸೇರಿದ ಮೇಲೆಯೇ ಅದು ಟಿ-ಎ-ಎ ಆಗುತ್ತದೆ. ಇತರ ಹಲವು ಪ್ರಾಣಿಗಳ ಮೈಟೊಕಾಂಡ್ರಿಯಾದಲ್ಲಿಯೂ ಹೀಗಿದೆ. ಅಂತಹ ಕ್ಲೋನ್‌ನ ಬಾಲವನ್ನು ಪೂರ್ತಿ ತೆಗೆದರೆ ಪ್ರೋಟೀನ್ ಕೊನೆಯೇ ಇಲ್ಲದಂತೆ ಕಾಣುತ್ತದೆ, ಮತ್ತು ತಪ್ಪು ಸೀಕ್ವೆನ್ಸಿಂಗ್‌ನದೆಂದು ನೀವು ಭಾವಿಸುತ್ತೀರಿ.

ಉಳಿದದ್ದು ಎ-ಸಾಲೇ ಇಲ್ಲದ ರೀಡ್‌ಗಳು. ಹೆಚ್ಚಿನವಕ್ಕೆ ಕಾರಣ ಸರಳ: ಸ್ಯಾಂಗರ್ ರೀಡ್ ಏಳೆಂಟುನೂರು ಬೇಸ್‌ಗಳಿಗೆ ಮುಗಿಯುತ್ತದೆ, ಇನ್ಸರ್ಟ್ ಅದಕ್ಕಿಂತ ಉದ್ದವಾಗಿದ್ದರೆ ನೀವು ಬಾಲದವರೆಗೆ ತಲುಪಿಯೇ ಇಲ್ಲ. ಆದರೆ ರೀಡ್ ಮತ್ತೊಂದು ಬದಿಯ ವೆಕ್ಟರ್ ತಲುಪಿದ್ದು, ಇನ್ಸರ್ಟ್ ಸಿ-ಟಿ-ಸಿ-ಜಿ-ಎ-ಜಿ ಎಂಬಲ್ಲಿಗೆ ಎ-ಸಾಲಿಲ್ಲದೆ ಮುಗಿದಿದ್ದರೆ, ಜೀನಿನೊಳಗೇ ಇದ್ದ ಎಕ್ಸ್‌ಹೋಒನ್ ತಾಣದಲ್ಲಿ ಕಿಣ್ವ ಕತ್ತರಿಸಿರಬಹುದು. ಇದನ್ನು ತಡೆಯಲೆಂದೇ ಮೊದಲ ಎಳೆಯನ್ನು ಮೀಥೈಲ್ ಸೇರಿದ ಸಿ-ಗಳಿಂದ ಕಟ್ಟುತ್ತಾರೆ. ಆ ರಕ್ಷಣೆ ಕೆಲವು ಅಣುಗಳಲ್ಲಿ ಅಪೂರ್ಣವಾಗಿರುತ್ತದೆ. ಜೀನೋಮಿನಲ್ಲಿ ಅದೇ ಜಾಗದಲ್ಲಿ ಆ ಆರು ಅಕ್ಷರಗಳಿದ್ದರೆ ಸಂಶಯ ದೃಢವಾಯಿತು, ಆ ಕ್ಲೋನ್‌ನ 3′ ಭಾಗ ನಿಮ್ಮ ಬಳಿ ಇಲ್ಲ, ಲೈಬ್ರರಿಯಿಂದ ಬೇರೆ ಕ್ಲೋನ್ ಹುಡುಕಬೇಕು. ಉದ್ದದ ಇನ್ಸರ್ಟ್‌ಗಳನ್ನು 3′ ಕಡೆಯಿಂದ ಓದಿಸಿ. ವೆಕ್ಟರಿನ ಪ್ರೈಮರ್ ಟಿ-ಸಾಲಿನಲ್ಲಿ ಜಾರಿ ರೀಡ್ ಕೆಟ್ಟರೆ, ಟಿ-ಗಳ ಕೊನೆಯಲ್ಲಿ ಟಿ ಅಲ್ಲದ ಒಂದು ಬೇಸ್ ಇರುವ, ಲಂಗರು ಹಾಕಿದ ಆಲಿಗೊ-ಡಿಟಿ ಪ್ರೈಮರನ್ನು ಬಳಸಿ. ಅದು ಬಾಲವೂ ಜೀನೂ ಕೂಡುವ ಸಂಧಿಯಲ್ಲಿಯೇ ಕೂತು, ಅಲ್ಲಿಂದ ಒಳಕ್ಕೆ ಸ್ವಚ್ಛವಾಗಿ ಓದುತ್ತದೆ.